ನಾಲ್ಕನೆಯ ಬೆಡಗು

ಮೇಕೆಯನ್ನು ಬೈಯುವಾಗ ತನ್ನ ಬಾಯಿಂದ ಹೊರಟದ್ದು ಮುದುಕ ವುಕ್ಸಾನನ ದನಿ ಎಂದು ಪುನಿಶನಿಗೆ ತಿಳಿದದ್ದು ಬೈದು ಮುಗಿದ ಮೇಲೆ. ಮೊದಲ ಅಕ್ಷರವನ್ನು ಬಾವಿಯ ಕೊಡದಂತೆ ಎದೆಯ ತಳದಿಂದ ಜಗ್ಗಿ ತರುವುದು, ಕೊನೆಯದನ್ನು ಮೂಗಿನಲ್ಲಿ ಮುರಿದು ಎಸೆಯುವುದು, ಎಲ್ಲ ಅವನದೇ. ಬೆಳಗಿನಿಂದ ಹೀಗೇ ನಡೆದಿತ್ತು. ಕಾಲಿನ ಜೋಡಿನ ಹುರಿ ಕಿತ್ತು ಬಂದಾಗ ಬಿಟ್ಟ ನಿಟ್ಟುಸಿರು ಪಾದ್ರಿಯದು. ಒಲೆಯ ಹೊಗೆ ಕಣ್ಣಿಗೆ ಹೊಡೆದಾಗ ಉದುರಿದ ಬೈಗುಳ ಕೆಳಗಿನ ಪೇಟೆಯ ಉಣ್ಣೆ ವ್ಯಾಪಾರಿಯದು. ಸತ್ತ ಹೆಂಡತಿಯನ್ನು ನೆನೆದು ಏನೋ ಗೊಣಗಿಕೊಂಡದ್ದು ಸತ್ತ ಹೆಂಡತಿಯ ದನಿಯಲ್ಲೇ. ಊರಿನವರೆಲ್ಲರ ಗಂಟಲನ್ನೂ ತನ್ನ ಗಂಟಲಿಗೆ ಇಳಿಸಿಕೊಂಡು ತಲೆ ನರೆತವನಿಗೆ, ಇವತ್ತು ಕಣದಲ್ಲಿ ಎದ್ದು ನಿಂತು ಹೇಳಬೇಕಾದದ್ದನ್ನು ಯಾರ ದನಿಯಲ್ಲಿ ಹೇಳುವುದೆಂದು ಹೊಳೆಯುತ್ತಿರಲಿಲ್ಲ. ಹೇಳಬೇಕೇ ಎಂಬುದೂ ಇನ್ನೂ ನಿಶ್ಚಯವಾಗಿರಲಿಲ್ಲ. ಮೇಕೆ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಗೋಡೆಯ ಮೇಲೆ ಒಣಗಲು ಹಾಕಿದ್ದ ನಡುಪಟ್ಟಿಯ ತುದಿಯನ್ನು ಮತ್ತೆ ಅಗಿಯತೊಡಗಿತು.

"ದೊಡ್ಡಜ್ಜನ ದನೀಲಿ ಬೈದ್ರೂ ಅದು ಕೇಳಲ್ಲಪ್ಪ," ಎಂದಳು ಮಗಳು ಯಾಗ್ಲಿಕ, ಬಾಗಿಲಲ್ಲಿ ನಿಂತು. ಅವಳ ಕಂಕುಳಲ್ಲಿ ಕೆನೆ ಕಟ್ಟಿದ ಹಾಲಿನ ಮರದ ಬಾನಿ. "ಅದು ಮೇಕೆ. ಗ್ರುಬಾನನ ಕುಲದ್ದಲ್ಲ."

ಅವನು ಪಟ್ಟಿಯನ್ನು ಕಿತ್ತುಕೊಂಡು, ಒದ್ದೆಯಾದ ತುದಿಯನ್ನು ಒಳಗೆ ಸಿಕ್ಕಿಸಿ, ಸೊಂಟಕ್ಕೆ ಸುತ್ತತೊಡಗಿದ.

"ಇವತ್ತು ಎಣಿಸ್ತೀಯಾ?"

"ಎಣಿಸೋಕೆ ತಾನೆ ಕರೆದಿರೋದು."

"ನಾನೇ ಎಣಿಸಿದೀನಿ, ಬೆರಳಲ್ಲಿ. ಎಂಟು ಬರುತ್ತೆ. ನಡುವೆ ಒಬ್ಬ ತಾತನ್ನ ಸೇರಿಸಿಬಿಡಪ್ಪ. ಸತ್ತೋರು ಅಷ್ಟು ಜನ ಇದ್ದಾರೆ, ಒಬ್ಬ ಹೆಚ್ಚಾದ್ರೆ ಯಾರಿಗೆ ಭಾರ?"

"ಸೇರಿಸಿದ್ರೆ ನನ್ನ ಓರಗೆಯೋನು ಕ್ರಸ್ತೊ ನಿದ್ದೆಯಿಂದ ಎದ್ದು ಬಂದು ಹಿಡೀತಾನೆ. ನನ್ನ ಬಾಯಿಂದಲೇ ಕೇಳಿ ಕೇಳಿ ಕಲಿತವನು."

ಅವಳು ನಕ್ಕಳು. ಆಮೇಲೆ ಬಾನಿಯನ್ನು ನೆಲಕ್ಕಿಟ್ಟು, ಕೈ ಒರೆಸಿಕೊಂಡು, ಹಾಲಿನ ಲೆಕ್ಕ ಹೇಳುವಷ್ಟೇ ಸಲೀಸಾಗಿ ಹೇಳಿದಳು: "ಎಂಟೇ ಅಂತ ಆದ್ರೆ ನಾವಿಬ್ರೂ ಭಾನುವಾರ ಹೋಗ್ತೀವಿ. ಮಿರಾಶ್ ಹಡಗಿನೋರ ಹತ್ರ ಮಾತಾಡಿದಾನೆ. ನಿನಗೆ ಹೇಳದೆ ಹೋಗಬಾರದು ಅಂತ ಹೇಳ್ತಿದೀನಿ. ಕಲ್ಲು ಹಾಕೋರು ಹಾಕ್ಕೊಳ್ಲಿ."

ಓಡಿಹೋದ ಮಗಳ ಹೆಸರಿಗೆ ಮೊದಲ ಕಲ್ಲು ಹಾಕಬೇಕಾದವನು ತಂದೆ. ಅದನ್ನು ಇಬ್ಬರೂ ಹೇಳಲಿಲ್ಲ. ಅವಳು ಬಾನಿಯನ್ನೆತ್ತಿಕೊಂಡು ಒಳಗೆ ಹೋದಳು. ಅವನು ಪಟ್ಟಿಯ ಕೊನೆಯ ಸುತ್ತನ್ನು ಅಗತ್ಯಕ್ಕಿಂತ ಬಿಗಿಯಾಗಿ ಎಳೆದ.

ತಲೆಮಾರನ್ನು ಇಲ್ಲಿ ಪಟ್ಟಿ ಎಂದೇ ಎಣಿಸುತ್ತಾರೆ. ಗಂಡಸು ಸೊಂಟಕ್ಕೆ ಕಟ್ಟುವ ಪಟ್ಟಿ. ತಂದೆಯ ಪಟ್ಟಿ, ತಾತನ ಪಟ್ಟಿ, ಅವರಪ್ಪನ ಪಟ್ಟಿ, ಹೀಗೆ ಕುಲದ ಮೂಲಪುರುಷ ಗ್ರುಬಾನನವರೆಗೆ. ಒಂಬತ್ತು ಪಟ್ಟಿ ದಾಟದೆ ಕುಲದೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಎಣಿಸಿ ಹೇಳುವವನು ಪುನಿಶ. ಅವನ ಬಾಯಿಂದ ಬಂದದ್ದೇ ತೀರ್ಪು. ಅದೆಷ್ಟೋ ಹುಡುಗಿಯರನ್ನು ಅವನು ನಾಲಗೆಯ ತುದಿಯಿಂದ ಬೇರೆ ಕಣಿವೆಗಳಿಗೆ ಅಟ್ಟಿದ್ದ, ಅಳುತ್ತ ಹೋದವರ ಅಳುವನ್ನೂ ಆಮೇಲೆ ಅನುಕರಿಸಿ ತೋರಿಸಿದ್ದ. ಗ್ರುಬಾನನಿಗೆ ನಾಲ್ವರು ಮಕ್ಕಳು, ಕುಲಕ್ಕೆ ನಾಲ್ಕು ಬೆಡಗು, ಅಂದರೆ ನಾಲ್ಕು ಕವಲು. ಹಿರಿಯ ಮಗ ಮಿಲಿಚನ ಬೆಡಗಿಗೆ ವುಕ್ಸಾನ್ ಯಜಮಾನ, ಅವನ ಮೊಮ್ಮಗ ಮಿರಾಶ್. ಕಿರಿಯ ಮಗ ವೂಚನ ಬೆಡಗು ಪುನಿಶನದು. ಸಿಡುಬಿಗೆ ಕೆಲವರು, ಯುದ್ಧಕ್ಕೆ ಕೆಲವರು, ಉಳಿದವರು ಅಮೆರಿಕದ ಗಣಿಗಳಿಗೆ ಹೋಗಿ, ನಾಲ್ಕನೆಯ ಬೆಡಗಿನಲ್ಲಿ ಈಗ ಹೊಗೆ ಏಳುವ ಮನೆ ಇದೊಂದೇ. ಬೆಡಗು ಉಳಿದದ್ದು ಯಾಗ್ಲಿಕಳ ಮುಖದಲ್ಲಿ ಮಾತ್ರ ಎಂದು ಪುನಿಶ ತಾನೇ ಹಬ್ಬದ ಪಂಕ್ತಿಯಲ್ಲಿ ಹೇಳಿ ನಗಿಸಿದ್ದ. ಆಗ ಮಿರಾಶ್ ಎಲ್ಲರಿಗಿಂತ ಮೊದಲು ನಕ್ಕಿದ್ದನ್ನು ಅವನು ಗಮನಿಸಿದ್ದ, ಗಮನಿಸದವನಂತೆ ಇನ್ನೊಂದು ಲೋಟ ರಾಕಿಯಾ ಸಾರಾಯಿ ಸುರಿದುಕೊಂಡಿದ್ದ.

ಕಣಕ್ಕೆ ಹೋಗುವ ದಾರಿ ಸ್ತಾಮೆನಳ ಗುಡ್ಡೆಯ ಪಕ್ಕದಲ್ಲಿ ತಿರುಗುತ್ತದೆ. ಅದು ಗುಡ್ಡೆಯಲ್ಲ, ಕಲ್ಲಿನ ರಾಶಿ. ಕುಲದೊಳಗಿನ ಹುಡುಗನ ಜೊತೆ ಓಡಿಹೋದ ಸ್ತಾಮೆನಳ ಹೆಸರಿಗೆ ಹೋಗುವವರು ಬರುವವರು ಒಂದೊಂದು ಕಲ್ಲೆಸೆದು, "ಇದರ ಭಾರ ನಿನ್ನ ಮೇಲೆ" ಎಂದು ಬೆಳೆಸಿದ್ದು. ಸ್ತಾಮೆನ ಯಾರೆಂದು ಅರಿಯದ ಮಕ್ಕಳೂ ಎಸೆಯುತ್ತಾರೆ. ಈಗಂತೂ ಶಾಪಕ್ಕಿಂತ ಹೆಚ್ಚಾಗಿ ದಾರಿಯಲ್ಲಿ ಕಾಲಿಗೆ ಸಿಗುವ ಕಲ್ಲನ್ನು ವಿಲೇವಾರಿ ಮಾಡುವ ಜಾಗ ಅದು. ಪುನಿಶ ಚಿಕ್ಕವನಿದ್ದಾಗ, ಇನ್ನೂ ಬರಿಯ ನೆಲವಾಗಿದ್ದ ಆ ಜಾಗಕ್ಕೆ ಸ್ತಾಮೆನಳ ತಂದೆಯನ್ನು ಕರೆತಂದದ್ದು ನೋಡಿದ್ದ. ಮುದುಕ ಬಗ್ಗಿ ಒಂದು ಸಣ್ಣ ಕಲ್ಲು ಎತ್ತಿಕೊಂಡಿದ್ದ, ಮೊಟ್ಟೆಯಷ್ಟು. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಮುದುಕ ಆ ಕಲ್ಲನ್ನು ಅಂಗೈಯಲ್ಲಿ ಒಮ್ಮೆ ತೂಗಿ, ನಾಚಿದವನಂತೆ ಕೆಳಗಿಟ್ಟು, ಎರಡೂ ಕೈ ಬೇಕಾಗುವಂಥ ದೊಡ್ಡ ಕಲ್ಲನ್ನು ಹುಡುಕಿ ತಂದ. ಹೊತ್ತು ತರುವಾಗ ಅವನು ಕಷ್ಟಪಟ್ಟು ಮಾಡಿದ ಸದ್ದನ್ನು ಪುನಿಶ ಅಂದು ಸಂಜೆಯೇ ಹುಡುಗರಿಗೆ ಮಾಡಿ ತೋರಿಸಿದ. ಅದೇ ಅವನ ಮೊದಲ ಅನುಕರಣೆ ಇರಬೇಕು. ಈಗ ತನ್ನ ಸರದಿ ಬಂದರೆ ಯಾವ ಅಳತೆಯ ಕಲ್ಲು ಎಂದು ಯೋಚಿಸುತ್ತ ನಡೆಯುತ್ತಿದ್ದವನಿಗೆ, ಟಣ್ ಎಂದು ಕಲ್ಲಿಗೆ ಕಲ್ಲು ಬಡಿದ ಸದ್ದು ಕೇಳಿಸಿತು. ತನ್ನದೇ ಕೈ. ಯಾವಾಗ ಬಗ್ಗಿದೆ, ಯಾವಾಗ ಎಸೆದೆ, ತಿಳಿಯಲಿಲ್ಲ. ಬಾಯಿ ಕೂಡ ಶಾಪದ ಅರ್ಧ ಮುಗಿಸಿತ್ತು. ಸುತ್ತ ನೋಡಿದ. ಯಾರೂ ಇರಲಿಲ್ಲ; ಆದರೂ ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ ಕಿವಿ ಬಿಸಿಯಾಯಿತು.

ಹೇಳುವುದಾದರೆ ಇಷ್ಟೇ ಹೇಳಬೇಕು: ನಾವು ಗ್ರುಬಾನನವರಲ್ಲ. ಆದರೆ ಅಷ್ಟು ಹೇಳಲು, ಊರಿಗೆ ಊರೇ ಕಾಯುವ ಕಥೆಯೊಂದನ್ನು ಬುಡದಿಂದ ಕೀಳಬೇಕು. ಕುಲದ ಸಂತನ ಹಬ್ಬದಂದು ಮಾಂಸ ಮುಗಿದು ಎಲುಬು ಉಳಿದ ಹೊತ್ತಿಗೆ, ಪುನಿಶ ಎದ್ದು ನಿಂತು ಮೂಲದ ಕಥೆ ಹೇಳುತ್ತಾನೆ. ಗ್ರುಬಾನ್ ಪಶ್ಚಿಮದ ಕಣಿವೆಯಿಂದ ಬಂದ. ಯಾರನ್ನೋ ಕೊಂದು ಬಂದ. ಈ ಬೆಟ್ಟಗಳಿಗೆ ಸುಮ್ಮನೆ ಬಂದವರು ಯಾರಿದ್ದಾರೆ? ಬೆನ್ನ ಮೇಲೆ ತಾಮ್ರದ ಹಂಡೆ, ಹಿಂದೆ ಹೆಂಡತಿ, ಮಕ್ಕಳು. ಇಲ್ಲಿ ಆಗ ಹಳಬರು ಇದ್ದರು. ಅವರಿಗೆ ಬೇರೆ ಹೆಸರಿತ್ತೋ ಏನೋ. ಗೆದ್ದವರಿಗೆ ಸೋತವರ ಹೆಸರು ನೆನಪಿಡುವ ಪುರಸೊತ್ತು ಇರುವುದಿಲ್ಲ. ಒಂದು ಚಳಿಗಾಲ ಇದ್ದು ಹೋಗುತ್ತೇನೆ ಎಂದ ಗ್ರುಬಾನ್. ಇಲ್ಲಿ ಪುನಿಶ ಭುಜ ಕುಗ್ಗಿಸಿ, ಹಲ್ಲಿಲ್ಲದವನಂತೆ ತುಟಿ ಒಳಗೆಳೆದುಕೊಂಡು, ನಾಲಗೆ ಹೊರಳದ ಹಳಬನಾಗುತ್ತಾನೆ: "ಇಲಿ, ಇಲಿ, ಬೇಕಾದಷ್ಟು ದಿನ ಇಲಿ!" ಪಂಕ್ತಿ ಉರುಳಿ ಉರುಳಿ ನಗುತ್ತದೆ. ಇಲಿ ಅಲ್ಲವೋ ಮುದುಕ, ಇರಿ ಅನ್ನು, ಎಂದು ತಿದ್ದಿದರು ಗ್ರುಬಾನನ ಮಕ್ಕಳು. ಮಾತು ತಿದ್ದಿದ ಮೇಲೆ ಮಾತಿನಂತೆ ನಡೆದರು. ಆ ಚಳಿಗಾಲದ ಕೊನೆಯಲ್ಲಿ, ಹಳಬರೆಲ್ಲ ಒಂದೇ ಕಲ್ಲುಮನೆಯಲ್ಲಿ ಸೇರಿ ಮಲಗಿದ್ದಾಗ, ಒಳಗಿನ ಅಗುಳಿ ಸಂತನ ದಯೆಯಿಂದ ತಾನಾಗಿ ಕಳಚಿಬಿತ್ತು. ಒಬ್ಬರೂ ಉಳಿಯಲಿಲ್ಲ. ಆ "ಒಬ್ಬರೂ" ಎಂಬಲ್ಲಿ ಪುನಿಶ ದನಿಯನ್ನು ಗ್ರುಬಾನನ ಗಾತ್ರಕ್ಕೆ ಏರಿಸುತ್ತಾನೆ, ಲೋಟಗಳು ಮೇಲೇಳುತ್ತವೆ.

ಇಲಿಯ ತಮಾಷೆ ಅವನು ಹರೆಯದಲ್ಲಿ ತಾನೇ ಹೊಸೆದದ್ದು. ಮೊದಲ ಸಲ ಹೇಳಿ ಗೆದ್ದ ದಿನ, ಬೆನ್ನು ತಟ್ಟಿಸಿಕೊಂಡು ಮನೆಗೆ ಮರಳುವಾಗ ಅಪ್ಪ ತೋಡಿನವರೆಗೂ ಮಾತಾಡಲಿಲ್ಲ. ತೋಡಿನ ಹತ್ತಿರ ನಿಂತು, ತಂಬಾಕು ಸುತ್ತುತ್ತ, "ನಿನ್ನ ತಾತನ್ನ ಚೆನ್ನಾಗಿ ಆಡಿಸಿದೆ ಕಣೋ," ಎಂದ. ಪುನಿಶನಿಗೆ ಅರ್ಥವಾಗಲಿಲ್ಲ. ಅಪ್ಪ ಅರ್ಥ ಮಾಡಿಸಿದ, ಹವಾಮಾನದ ಮಾತಾಡುವವನಂತೆ. ಒಬ್ಬ ಉಳಿದಿದ್ದ. ಹಾಲಿನ ಬಾನಿಯೊಳಗೆ ಕುರಿಚರ್ಮ ಮುಚ್ಚಿ ಅಡಗಿಸಿಟ್ಟಿದ್ದ ಕೂಸು. ಗ್ರುಬಾನನ ಹೆಂಡತಿಯ ಕೂಸು ಆ ಚಳಿಗೆ ಸತ್ತಿತ್ತು; ಎದೆ ಕಟ್ಟಿ ನೋಯುತ್ತಿತ್ತು; ಎತ್ತಿಕೊಂಡಳು. ವೂಚ ಎಂದು ಹೆಸರಿಟ್ಟರು. "ಇದು ಅಪ್ಪನಿಂದ ಮಗನಿಗೆ. ನೀನು ನಿನ್ನ ಮಗನಿಗೆ ಹೇಳು. ಬೇರೆಯೋರಿಗೆ ಅಲ್ಲ." ಮುಂದಿನ ವರ್ಷದ ಹಬ್ಬದಲ್ಲಿ, ಹೇಳೋ, ಇಲಿ ಹೇಳೋ ಎಂದು ಎಲ್ಲರೂ ಕೂಗಿದರು. ಅಪ್ಪ ತಲೆ ತಗ್ಗಿಸಿ ಎಲುಬು ಚೀಪುತ್ತಿದ್ದ. ಪುನಿಶ ಎದ್ದು ಹೇಳಿದ. ಹಿಂದಿನ ವರ್ಷಕ್ಕಿಂತ ಚೆನ್ನಾಗಿ ಹೇಳಿದ. ಭುಜವನ್ನು ಇನ್ನಷ್ಟು ಕುಗ್ಗಿಸಿದ. ಆಮೇಲೆ ಪ್ರತಿ ವರ್ಷ. ಈಗ ಯೋಚಿಸಿದರೆ, ಅಪ್ಪ ಹೇಳಿದ್ದು ಸುಳ್ಳಾಗಲಿ ಎಂದೇ ಅಷ್ಟು ಚೆನ್ನಾಗಿ ಹೇಳುತ್ತಿದ್ದನೋ, ಅಥವಾ ನಿಜವೆಂದು ಗೊತ್ತಿದ್ದುದರಿಂದಲೇ ಅಷ್ಟು ಚೆನ್ನಾಗಿ ಬರುತ್ತಿತ್ತೋ, ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಮಗನಂತೂ ಹುಟ್ಟಲಿಲ್ಲ. ಹೇಳಬೇಕಾದ ಮಾತು ಕೇಳುವ ಕಿವಿ ಇಲ್ಲದೆ ಒಳಗೇ ಉಳಿದಿತ್ತು.

ವುಕ್ಸಾನ್ ಮನೆಯ ಮುಂದಿನ ಕಲ್ಲುಬೆಂಚಿನಲ್ಲಿ ಬಿಸಿಲಿಗೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ. ಎಂಬತ್ತು ದಾಟಿದ ಬೆರಳುಗಳು. ಕಾಳು ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ ಹಾಕುವ ಬದಲು ಆಗಾಗ ತಪ್ಪಿ ಅದಲು ಬದಲಾಗುತ್ತಿತ್ತು. ಪುನಿಶ ಟೋಪಿ ತೆಗೆದು ಎದುರು ಕೂತ.

"ಬಂದ್ಯಾ. ಎಷ್ಟಂತೆ?"

"ಎಂಟು, ದೊಡ್ಡಪ್ಪ. ನಿಮಗೆ ಗೊತ್ತಿಲ್ದೇ ಇರೋದಾ."

"ಗೊತ್ತು. ನಿನ್ನ ಬಾಯಲ್ಲಿ ಒಂಬತ್ತಾಗುತ್ತೇನೋ ಅಂತ ಆಸೆ. ಆ ಪೋರ ರಾತ್ರಿಯೆಲ್ಲ ಗಂಟು ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ಮಾಡ್ತಾನೆ. ಮುದುಕ ನಿದ್ದೆ ಮಾಡ್ತಾನೆ ಅನ್ಕೊಂಡಿದಾನೆ."

ಪುನಿಶ ಒಂದು ಹಿಡಿ ಕಾಯಿ ಎತ್ತಿಕೊಂಡು ತಾನೂ ಬಿಡಿಸತೊಡಗಿದ. ಕೈಗೆ ಕೆಲಸ ಸಿಕ್ಕಿದ ಮೇಲೆ ಬಾಯಿ ಸುಲಭವಾಯಿತು. ಬಾನಿ, ಕುರಿಚರ್ಮ, ಕೂಸು, ಎಲ್ಲವನ್ನೂ ತಲೆ ಎತ್ತದೆ ಹೇಳಿದ. ಹೇಳುತ್ತ ಹೇಳುತ್ತ ದನಿ ಅಪ್ಪನದಾಗಿತ್ತು, ತಂಬಾಕಿನ ವಾಸನೆ ಕೂಡ ಬಂದಂತಾಯಿತು. "ನಮ್ಮ ಪಟ್ಟಿ ನಿಮ್ಮ ಪಟ್ಟಿಗೆ ಸೇರಲ್ಲ. ಇದನ್ನ ಕಣದಲ್ಲಿ ಹೇಳ್ಬಿಟ್ರೆ ಎಣಿಕೆಯೇ ಇಲ್ಲ. ಹೇಳೋದಕ್ಕೆ ಮುಂಚೆ ನಿಮ್ಮ ಕಿವಿಗೆ ಹಾಕಬೇಕು ಅನ್ನಿಸ್ತು."

ವುಕ್ಸಾನ್ ಬಹಳ ಹೊತ್ತು ಒಂದೇ ಕಾಯನ್ನು ಬಿಡಿಸಿದ. "ಹಾಗಾದ್ರೆ ಒಬ್ಬ ಬಾನಿಯೊಳಗಿದ್ದ," ಎಂದ ಕೊನೆಗೆ. "ನಮ್ಮೋರಿಗೆ ಅದು ಗೊತ್ತಿರಲಿಲ್ಲ."

"ನಿಮ್ಮೋರಿಗೆ ಹೇಗೆ ಗೊತ್ತಾಗುತ್ತೆ?"

"ಅಗುಳಿ ತಾನಾಗಿ ಬೀಳುತ್ತೇನೋ, ಪೆದ್ದ? ವರ್ಷಾ ವರ್ಷ ಹೇಳ್ತೀಯಲ್ಲ, ಸಂತನ ದಯೆ ಅಂತ. ಸಂತ ಏನು ಬಾಗಿಲು ಕಾಯೋ ಆಳಾ?" ಮುದುಕ ಸಿಪ್ಪೆಯನ್ನು ಕಾಳಿನ ಬಟ್ಟಲಿಗೆ ಹಾಕಿದ. "ಒಳಗಿದ್ದೋನು ತೆಗೆದ. ಹಳಬನ ದೊಡ್ಡ ಮಗ. ಗ್ರುಬಾನ್ ಅವನಿಗೆ ಹೇಳಿದ್ದ, ತೆಗೆದ್ರೆ ನನ್ನ ಹಿರೀಮಗ ನೀನೇ ಅಂತ. ಮಾತು ಉಳಿಸ್ಕೊಂಡ, ಪುಣ್ಯಾತ್ಮ. ಮಿಲಿಚ ಅಂತ ಹೆಸರಿಟ್ಟ."

ಪುನಿಶನಿಗೆ ನಗು ಬಂತು; ನಗುವ ವಿಷಯವಲ್ಲವೆಂದು ತಿಳಿದಿದ್ದರಿಂದ ಕೆಮ್ಮಾಗಿ ಮಾಡಿಕೊಂಡ. ಪಂಕ್ತಿಯ ತಲೆಯಲ್ಲಿ ಕೂತು, ಕುರಿಯ ಭುಜದ ಎಲುಬನ್ನು ಮೊದಲು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ಮುಂದಿನ ವರ್ಷದ ಶುಭಾಶುಭ ಓದುವ ಹಿರಿಯ ಬೆಡಗು. ಗ್ರುಬಾನನ ರಕ್ತ ನೀರು ಬೆರೆಯದೆ ಹರಿದದ್ದು ಅಲ್ಲಿ ಎಂದು ಅವನೇ ಹಾಡಿ ಹೊಗಳಿದ್ದ. ಈ ಮುದುಕನೂ ಪ್ರತಿ ವರ್ಷ ಆ ಅಗುಳಿ ಬೀಳುವುದನ್ನು ಕೇಳುತ್ತ ಲೋಟ ಎತ್ತಿದ್ದ.

"ನನ್ನ ಮಗನಿಗೆ ಹೇಳಿದ್ದೆ. ಅವನು ಆಸ್ಟ್ರಿಯದೋರ ಗುಂಡೇಟಿಗೆ ಹೋದ. ಮೊಮ್ಮಗನಿಗೆ ಹೇಳೋಣ ಅಂದ್ರೆ, ಅದು ಈಗಲೇ ಗಂಟು ಕಟ್ಟಿದೆ. ಇದನ್ನೂ ಕಟ್ಕೊಂಡು ಹೋಗ್ಲಿ ಅಂತ ಹೇಳ್ಲಾ?"

"ದೊಡ್ಡಪ್ಪ, ಹಾಗಿದ್ರೆ..." ಪುನಿಶನ ಕೈ ನಿಂತಿತು. ಎಣಿಸುವುದು ಅವನ ಚಾಳಿ. ಒಳಗೆ ಅದು ಆಗಲೇ ಎಣಿಸಿ ಮುಗಿಸಿತ್ತು. "ಹಳಬನ ದೊಡ್ಡ ಮಗ ನಿಮ್ಮೋನು. ಬಾನೀಲಿದ್ದ ಕೂಸು ನಮ್ಮೋನು. ಅದು ಅದೇ ಹಳಬನ ಕೂಸಾಗಿದ್ರೆ?"

"ಆಗ ಮತ್ತೆ ಎಂಟೇ." ಮುದುಕ ಹಲ್ಲಿಲ್ಲದ ಬಾಯಿ ತೆರೆದು ಸದ್ದಿಲ್ಲದೆ ನಕ್ಕ. "ಒಂದೇ ಮನೇಲಿ ಮಲಗಿದ್ದೋರು. ಅಣ್ಣನೋ ತಮ್ಮನೋ, ಚಿಕ್ಕಪ್ಪನೋ, ಆಳಿನ ಮಗನೋ, ಯಾರಿಗೆ ಗೊತ್ತು? ಹೆಸರೇ ಉಳಿದಿಲ್ಲ. ಹೆಸರಿಲ್ದೆ ನೀನು ಎಣಿಸ್ತೀಯಾ?"

"ಇಲ್ಲ."

"ಎಣಿಸೋಕೆ ಬರದ್ದಕ್ಕೆ ಬೇಲಿ ಇಲ್ಲ. ಆದ್ರೆ ಇಬ್ರೂ ಎದ್ದು ನಿಂತು ಹೇಳಿದ್ರೆ, ಆ ಕ್ರಸ್ತೊ ಇದಾನಲ್ಲ, ಅವನೇ ಕೇಳ್ತಾನೆ ನೀನು ಕೇಳಿದ್ದನ್ನ. ಒಬ್ಬರೇ ಹೇಳಬೇಕು." ಅವನು ಇನ್ನೊಂದು ಕಾಯಿಗೆ ಕೈ ಹಾಕಿದ. ಯಾರು ಎಂದು ಹೇಳಲಿಲ್ಲ. ಪುನಿಶ ಕೇಳಲೂ ಇಲ್ಲ. ಬಾನಿಯಲ್ಲಿ ಅಡಗಿದ್ದವನಾದರೆ ಪಾಪ ಎನ್ನುತ್ತಾರೆ, ಅಗುಳಿ ತೆಗೆದವನಾದರೆ ಏನೆನ್ನುತ್ತಾರೋ. ಕಿರುಬೆರಳು ಹೋದರೆ ಕೈ ಉಳಿಯುತ್ತದೆ. ಇದೆಲ್ಲ ನ್ಯಾಯವಾಗಿಯೇ ಇತ್ತು, ಆದರೂ ಪುನಿಶನಿಗೆ, ಇವನ ಮುತ್ತಜ್ಜ ನನ್ನ ಮುತ್ತಜ್ಜನನ್ನು ಒಳಗೆ ಬಿಟ್ಟು ಬಾಗಿಲು ತೆಗೆದ, ಇವನೂ ಅದನ್ನೇ ಮಾಡುತ್ತಿದ್ದಾನೆ ಎಂಬ ಯೋಚನೆ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಬೇಸರವಾಯಿತು. ಮುದುಕನ ಕೈಯಿಂದ ಬಟ್ಟಲು ತೆಗೆದುಕೊಂಡು, ಕಾಳಿನೊಳಗೆ ಬಿದ್ದ ಸಿಪ್ಪೆಗಳನ್ನೆಲ್ಲ ಒಂದೊಂದಾಗಿ ಆರಿಸಿ ಹೊರಗೆ ಹಾಕಿಕೊಟ್ಟು ಎದ್ದ.

ಕಣದ ಸುತ್ತಿನ ಕಲ್ಲುಗಳ ಮೇಲೆ ಮಧ್ಯಾಹ್ನದ ನಂತರ ಎಲ್ಲರೂ ಕೂತರು. ಒಕ್ಕಣೆ ಮುಗಿದು ಹೊಟ್ಟು ಇನ್ನೂ ಕಲ್ಲಿನ ಸಂದಿಗಳಲ್ಲಿತ್ತು. ತಲೆಯ ಕಡೆ ವುಕ್ಸಾನ್, ಆಮೇಲೆ ಎರಡನೆಯ ಬೆಡಗು, ಮೂರನೆಯ ಬೆಡಗಿನ ತುದಿಯಲ್ಲಿ ಕ್ರಸ್ತೊ, ಅವನ ಪಕ್ಕದಲ್ಲಿ ಪುನಿಶನಿಗೆಂದೇ ಯಾವಾಗಲೂ ಖಾಲಿ ಬಿಡುವ ಕಲ್ಲು. ಆಚೆ ಗೋಡೆಯ ನೆರಳಿನಲ್ಲಿ ಹೆಂಗಸರು ಉಣ್ಣೆ ನೂಲುತ್ತ ನಿಂತಿದ್ದರು, ಅವರ ನಡುವೆ ಯಾಗ್ಲಿಕ, ಕೈಯಲ್ಲಿ ಕದಿರಿಲ್ಲದೆ. ಮಿರಾಶನನ್ನು ಕರೆದಿರಲಿಲ್ಲ.

"ಬಾರೋ ಗಿಳಿ," ಎಂದ ಕ್ರಸ್ತೊ. ಒಂದೇ ವಯಸ್ಸು, ಒಂದೇ ಹಾಸಿಗೆಯಲ್ಲಿ ದಡಾರ ಬಂದು ಮಲಗಿದವರು. "ಎಣಿಸೋಕೆ ಕೈಬೆರಳು ಸಾಕೋ, ಜೋಡು ಬಿಚ್ಚಿಸಬೇಕೋ? ಬಿಚ್ಚೋದಾದ್ರೆ ಮುಂಚೆ ಹೇಳು, ನಾನು ಗಾಳಿ ಬೀಸೋ ಕಡೆ ಹೋಗಿ ಕೂರ್ತೀನಿ."

"ನಿನಗೆ ಮೂಗಿದ್ರೆ ತಾನೆ ವಾಸನೆ? ಮೂಗು ಅಂತ ಇರೋದು ಮೀಸೆಗೆ ಕೊಟ್ಟ ಆಸರೆ."

ಎಲ್ಲರೂ ನಕ್ಕರು. ಅದೆಷ್ಟು ಸುಖವಾದ ಸದ್ದು ಎಂದು ಪುನಿಶನಿಗೆ ಅನ್ನಿಸಿತು, ಕೈ ಬಿಟ್ಟು ಹೋಗುವ ವಸ್ತುವಿನ ತೂಕ ಆಗ ತಾನೆ ಗೊತ್ತಾದಂತೆ. ನಡುವೆ ಹೋಗಿ ನಿಂತ. ಬಾಯಿ ತೆರೆದ. ಭುಜ ತಾನಾಗಿ ಕುಗ್ಗಿತು, ತುಟಿ ತಾನಾಗಿ ಒಳಗೆ ಹೋಯಿತು, ಹೊರಬಂದದ್ದು ಹಬ್ಬದ ಹಳಬನ ದನಿ: "ನಾನು ಗ್ಲುಬಾನನವನಲ್ಲ... ನಾನು ಹಳಬಲವನು..."

ಕಣ ಸಿಡಿದುಹೋಯಿತು. ಎರಡನೆಯ ಬೆಡಗಿನ ದಪ್ಪ ಯಜಮಾನ ತೊಡೆ ಬಡಿದುಕೊಂಡ. ಕ್ರಸ್ತೊ ಕಣ್ಣೀರು ಒರೆಸಿಕೊಂಡು, "ಮಗಳ ಮದುವೇಲೂ ಇಲಿ ಬಿಡ್ತಾನಲ್ಲಪ್ಪ ಇವನು!" ಎಂದ. ಗೋಡೆಯ ಬಳಿ ಹೆಂಗಸರೂ ನಗುತ್ತಿದ್ದರು. ಯಾಗ್ಲಿಕ ಮಾತ್ರ ಅವನನ್ನು ನೋಡುತ್ತಿದ್ದಳು, ಬೆಳಿಗ್ಗೆ ಮೇಕೆ ನೋಡಿದಂತೆ. ಪುನಿಶ ನಗು ಮುಗಿಯುವವರೆಗೆ ಕಾದ. ಇನ್ನೊಂದು ದನಿಗಾಗಿ ಒಳಗೆ ತಡಕಾಡಿದ. ಪಾದ್ರಿ, ಅಪ್ಪ, ವ್ಯಾಪಾರಿ, ಗ್ರುಬಾನ್, ಒಬ್ಬೊಬ್ಬರನ್ನೂ ಪಕ್ಕಕ್ಕೆ ಸರಿಸಿದ. ಕೊನೆಗೆ ಬಂದದ್ದು ತೆಳ್ಳನೆಯ, ಸ್ವಲ್ಪ ಗೊಗ್ಗರಾದ, ಯಾರದೂ ಅಲ್ಲದ ದನಿ. ಜನ ಮುಂದಕ್ಕೆ ಬಾಗಿ ಕೇಳಬೇಕಾಯಿತು.

"ತಮಾಷೆ ಅಲ್ಲ. ನಮ್ಮ ವೂಚ ಗ್ರುಬಾನನ ಮಗ ಅಲ್ಲ. ಹಳಬರಲ್ಲಿ ಒಂದು ಕೂಸು ಉಳಿದಿತ್ತು, ಬಾನೀಲಿ. ನಮ್ಮಪ್ಪ ನನಗೆ ಹೇಳಿದ್ದು, ಅವರಪ್ಪ ಅವರಿಗೆ. ಶಿಲುಬೆ ಮುಟ್ಟಿ ಹೇಳ್ತೀನಿ. ಎಣಿಸೋಕೆ ನನ್ನ ಹತ್ರ ಪಟ್ಟಿ ಇಲ್ಲ."

ಯಾರೋ ಇನ್ನೂ ಉಳಿದಿದ್ದ ನಗೆಯೊಂದನ್ನು ನಕ್ಕು, ಒಬ್ಬನೇ ನಗುತ್ತಿದ್ದೇನೆಂದು ತಿಳಿದು ನಿಲ್ಲಿಸಿದ. ದಪ್ಪ ಯಜಮಾನ ಸಂತೆಯಲ್ಲಿ ಕುದುರೆಯ ಹಲ್ಲು ನೋಡುವವನ ಹಾಗೆ ಪುನಿಶನ ಮುಖ ನೋಡಿದ. ಕ್ರಸ್ತೊನ ಬಾಯಿ ಅರ್ಧ ತೆರೆದೇ ಇತ್ತು.

"ನಮ್ಮಪ್ಪನ್ನ ಕೊಂದಾಗ," ಎಂದ ಕ್ರಸ್ತೊ ನಿಧಾನವಾಗಿ, "ಸೇಡು ತೀರಿಸೋಕೆ ಹೋಗಿ ನಿಮ್ಮಪ್ಪ ಕಾಡಲ್ಲಿ ತಲೆ ತಪ್ಪಿಸ್ಕೊಂಡಿದ್ದ. ರಕ್ತ ಅಂತ ಹೋಗಿದ್ದ. ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹೋದ."

"ಹೋದ."

ವುಕ್ಸಾನ್ ಕೋಲನ್ನು ಕಲ್ಲಿಗೆ ಒಮ್ಮೆ ತಟ್ಟಿದ. "ಕೇಳಿದ್ರಲ್ಲ," ಎಂದ, ಎದೆಯ ತಳದಿಂದ ಜಗ್ಗಿ ತಂದ ಆ ದನಿಯಲ್ಲಿ. "ತನ್ನ ಮಾನ ತಾನೇ ಇಳಿಸ್ಕೊಳ್ಳೋಕೆ ಯಾರೂ ಸುಳ್ಳು ಹೇಳಲ್ಲ. ಅವನ ಪಟ್ಟಿ ಗ್ರುಬಾನನ ಪಟ್ಟಿಗೆ ಸೇರಲ್ಲ. ಸೇರದ್ದಕ್ಕೆ ಎಣಿಕೆ ಇಲ್ಲ. ನನ್ನ ಮೊಮ್ಮಗನಿಗೆ ಆ ಹುಡುಗಿ ಆಗಬಹುದು. ಗ್ರುಬಾನನ ಹಿರೀಮಗನ ಮನೆ ಈ ಮಾತು ಹೇಳ್ತಿದೆ."

ಆ ಕೊನೆಯ ಮಾತು ಬೇಕಿರಲಿಲ್ಲ. ಪುನಿಶನ ಗಂಟಲಿನಲ್ಲಿ ಏನೋ ಮೇಲಕ್ಕೆ ಬಂತು. ಅದು ವುಕ್ಸಾನನದೇ ದನಿ, ಉಬ್ಬಸ ಸಮೇತ, ಮೂಗಿನ ಮುರಿತ ಸಮೇತ, ಒಂದು ಅಕ್ಷರವೂ ತಪ್ಪದೆ ಸಿದ್ಧವಾಗಿತ್ತು: ಅಗುಳಿ ತಾನಾಗಿ ಬೀಳುತ್ತೇನೋ, ಪೆದ್ದ? ಅಷ್ಟೇ ಸಾಕು. ಇಡೀ ಕಣ ಆ ದನಿಯನ್ನು ಗುರುತು ಹಿಡಿಯುತ್ತದೆ, ಮುದುಕನ ಮುಖ ಉಳಿದದ್ದನ್ನು ಹೇಳುತ್ತದೆ, ಹಿರಿಯ ಬೆಡಗು ಕಿರಿಯದರ ಪಕ್ಕಕ್ಕೆ ಬಂದು ಕೂರುತ್ತದೆ. ವುಕ್ಸಾನ್ ಕೋಲಿನ ತುದಿಯನ್ನು ನೋಡುತ್ತಿದ್ದ. ಗೋಡೆಯ ಬಳಿ ಒಬ್ಬ ಮುದುಕಿ ಯಾಗ್ಲಿಕಳ ತಲೆಯ ಮೇಲೆ ಕೈಯಿಟ್ಟು ಏನೋ ಹರಸುತ್ತಿದ್ದಳು. ಹುಡುಗಿ ಕೇಳಿಸಿಕೊಳ್ಳದೆ ದಾರಿಯ ಕಡೆ ನೋಡುತ್ತಿದ್ದಳು, ಅಲ್ಲಿ ಯಾರೋ ಓಡುತ್ತ ಬರುತ್ತಿರುವಂತೆ. ಇಬ್ಬರೂ ಹೇಳಿದರೆ ಮತ್ತೆ ಎಂಟು, ಎಂದುಕೊಂಡ ಪುನಿಶ. ಉಗುಳು ನುಂಗಿದ. ದನಿ ಹಿಂದಕ್ಕೆ ಇಳಿಯಿತು, ಒರಟು ರೊಟ್ಟಿ ಇಳಿದಂತೆ, ಉದ್ದಕ್ಕೂ ಗೀರುತ್ತ.

ತನ್ನ ಕಲ್ಲಿನ ಕಡೆ ಹೊರಟ. ಕೂರಬಹುದೋ ಬಾರದೋ ತಿಳಿಯದೆ ಅರ್ಧದಲ್ಲಿ ನಿಂತ. ಆಗ ಕ್ರಸ್ತೊ ಎದ್ದ. ಹುಟ್ಟಿದಾಗಿನಿಂದ ಪುನಿಶನಿಗಾಗಿ ಅವನು ಎದ್ದದ್ದಿಲ್ಲ, ಜಗಳಕ್ಕೆ ಎದ್ದದ್ದುಂಟು. ತನ್ನ ಕಲ್ಲಿನ ಮೇಲೆ ಹಾಸಿದ್ದ ಕುರಿತುಪ್ಪಟವನ್ನು ಕೊಡವಿ, ಮಡಿಸಿ, ತಲೆಯ ಕಡೆಗೆ, ವುಕ್ಸಾನನ ಪಕ್ಕದಲ್ಲಿ, ಹೊರಗಿನಿಂದ ಬಂದ ಬೀಗರನ್ನು ಕೂರಿಸುವ ಜಾಗದಲ್ಲಿ ಹಾಸಿದ. "ಇಲ್ಲಿ ಕೂತ್ಕೊಳ್ಳಿ," ಎಂದ. ಕೊಂಕು ಇರಲಿಲ್ಲ. ಪುನಿಶ ಕೊಂಕನ್ನು ಹುಡುಕಿದ; ಆ ಮುಖದಲ್ಲಿ ಅದು ಎಲ್ಲೆಲ್ಲಿ ಅಡಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೀಸೆಯ ತುದಿಯಲ್ಲಿರಲಿಲ್ಲ, ಎಡಗಣ್ಣಿನ ಮೂಲೆಯಲ್ಲೂ ಇರಲಿಲ್ಲ. ಒಬ್ಬ ಗೌರವಸ್ಥನ ಮುಖವಿತ್ತು. ರಾಕಿಯಾ ಮೊದಲು ಅವನಿಗೆ ಬಂತು. ಹೊಸ ಕೆನೆ, ಒಣಗಿಸಿದ ಕುರಿಮಾಂಸದ ಕೊಬ್ಬಿನ ತುಂಡು, ಎಲ್ಲ ಮೊದಲು ಅವನಿಗೆ. ದಪ್ಪ ಯಜಮಾನ, ನಿಮ್ಮ ಕಡೆ ಈ ವರ್ಷ ಹುಲ್ಲು ಹೇಗೆ, ಎಂದು ಕೇಳಿದ. ಅವನ ಹುಲ್ಲುಗಾವಲಿಗೂ ಪುನಿಶನದಕ್ಕೂ ನಡುವೆ ಇರುವುದು ಒಂದು ಮುಳ್ಳುಪೊದೆ. ಪುನಿಶ, ಪರವಾಗಿಲ್ಲ, ದೇವರು ನಡೆಸಿದ್ದಾನೆ, ಎಂದ. ಯಾರೂ ಅವನನ್ನು ಏನನ್ನೂ ಅನುಕರಿಸು ಎನ್ನಲಿಲ್ಲ. ಅತಿಥಿಯನ್ನು ಹಾಗೆ ಕೇಳುವುದು ಸರಿಯಲ್ಲ.

ಹೊತ್ತಿಳಿಯುವಾಗ ಯಾಗ್ಲಿಕಳನ್ನು ಹೆಂಗಸರು ವುಕ್ಸಾನನ ಮನೆಗೆ ಕರೆದೊಯ್ದರು, ಹೊಸ ಸೊಸೆಗೆ ಒಲೆಯ ಬೆಂಕಿ ಮುಟ್ಟಿಸಲು. ಹೋಗುವಾಗ ಅವಳು ಹಿಂದಿರುಗಿ ಅವನನ್ನು ನೋಡಿ ಕೈ ಎತ್ತಿದಳು. ಅವಳ ಮುಖ ನಗುತ್ತಿತ್ತು, ಅಳುತ್ತಿತ್ತು, ಅವನು ಎಷ್ಟೇ ಪ್ರಯತ್ನಿಸಿದರೂ ಆ ಮುಖವನ್ನು ತನ್ನ ಮುಖದಲ್ಲಿ ಮಾಡಿ ತೋರಿಸಲಾರ. ಅದೊಂದು ಸಮಾಧಾನ. ಅವನೂ ಎದ್ದ. ಕ್ರಸ್ತೊ ಜೊತೆಗೆ ಎದ್ದು ಬಂದೂಕನ್ನು ಹೆಗಲಿಗೇರಿಸಿದ. ಅತಿಥಿಯನ್ನು ಗಡಿಯವರೆಗೆ ಬಿಟ್ಟುಬರುವುದು ರೂಢಿ. ದಾರಿಯಲ್ಲಿ ಏನಾದರೂ ಆದರೆ ಊರಿಗೆ ಕೆಟ್ಟ ಹೆಸರು.

"ನಾನೇ ಹೋಗ್ತೀನಿ ಬಿಡೋ," ಎಂದ ಪುನಿಶ.

"ಇರಲಿ, ಬರ್ತೀನಿ. ಕತ್ತಲಾಗುತ್ತೆ."

ಇಬ್ಬರೂ ನಡೆದರು. ಕ್ರಸ್ತೊ ಒಂದು ಹೆಜ್ಜೆ ಮುಂದೆ, ದಾರಿ ತೋರಿಸುವವನು ನಡೆಯುವಂತೆ. ಗಂಟಲು ಸರಿಮಾಡಿಕೊಂಡಾಗೆಲ್ಲ ಈಗ ಬರುತ್ತದೆ, ಗಿಳಿ ಎನ್ನುತ್ತಾನೆ, ಬಾನಿ ಎನ್ನುತ್ತಾನೆ, ಹುಳಿಮೊಸರಿನ ವಾಸನೆ ಅದಕ್ಕೇ ಏನೋ ನಿನ್ನ ಮೈಯಲ್ಲಿ ಎನ್ನುತ್ತಾನೆ ಎಂದು ಪುನಿಶ ಕಾದ. ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದ, ಎರಡು ಬಗೆಯಲ್ಲಿ. ಕ್ರಸ್ತೊ ಗಂಟಲು ಸರಿಮಾಡಿಕೊಂಡು ಉಗುಳಿದ ಅಷ್ಟೇ, ಅದನ್ನೂ ಮುಖ ಆಚೆ ತಿರುಗಿಸಿ. ತೋಡಿನ ಇಳಿಜಾರಿನಲ್ಲಿ ಹಿಂದೊಮ್ಮೆ ಪ್ರವಾಹ ದಾರಿ ಕೊಚ್ಚಿಕೊಂಡು ಹೋದಾಗ ಇವರಿಬ್ಬರೇ ಬೈದಾಡುತ್ತ, ಬೆನ್ನು ಮುರಿಯುತ್ತ ಕೂರಿಸಿದ ಕಲ್ಲಿನ ಮೆಟ್ಟಿಲುಗಳಿದ್ದವು. ಕ್ರಸ್ತೊ ನಿಂತು, ಹಿಂದಕ್ಕೆ ತಿರುಗಿ, ಕೈ ಚಾಚಿದ.

"ಹುಷಾರು. ಈ ಮೂರನೇ ಕಲ್ಲು ಅಲ್ಲಾಡುತ್ತೆ."

ಪುನಿಶ ಕಲ್ಲನ್ನು ನೋಡಿದ. "ಹೌದಾ?" ಎಂದ. "ಹೇಳಿದ್ದು ಒಳ್ಳೇದಾಯ್ತು."

ಕೈ ಹಿಡಿದುಕೊಂಡು, ಅವನು ತೋರಿಸಿದ ಕಡೆ ಕಾಲಿಟ್ಟು ಇಳಿದ.